ಮಾಯುವ ಹುಣ್ಣಿನ ಮೋಸ

ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋದವರಿಗೆಲ್ಲ ಆ ಹಳದಿ ಚೀಟಿ ಗೊತ್ತು. ‘ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ’, ಕೆಳಗೆ ಲಾಡ್ಜಿನ ಹೆಸರು, ರೂಮ್ ನಂಬರು, ಪ್ರತಿ ತಿಂಗಳು ಇಂಥ ತಾರೀಖು. ಆ ಗ್ಯಾರಂಟಿ ಬರೀ ಬುರುಡೆ ಅಂತಲೇ ನಾನು ಬಹಳ ದಿನ ತಿಳಿದಿದ್ದೆ. ಸಿಫಿಲಿಸ್ ಬಗ್ಗೆ ಓದತೊಡಗಿದ ಮೇಲೆ ಅನುಮಾನ ಬಂತು. ಈ ಒಂದು ರೋಗದ ಮಟ್ಟಿಗೆ ಲಾಡ್ಜ್ ವೈದ್ಯ ಬೂದಿ ಕೊಟ್ಟರೂ ಹುಣ್ಣು ಮಾಯುತ್ತದೆ. ಏನೂ ಕೊಡದಿದ್ದರೂ ಮಾಯುತ್ತದೆ. ಅದೇ ಅದರ ಮೋಸ.

ಹುಣ್ಣಿನ ಹಿಂದಿರುವ ಬ್ಯಾಕ್ಟೀರಿಯಾದ ಹೆಸರು ಟ್ರೆಪೊನೆಮಾ ಪ್ಯಾಲಿಡಮ್. ‘ಪ್ಯಾಲಿಡಮ್’ ಅಂದರೆ ಪೇಲವ. 1905ರಲ್ಲಿ ಬರ್ಲಿನ್‌ನಲ್ಲಿ ಫ್ರಿಟ್ಜ್ ಶೌಡಿನ್ ಮತ್ತು ಎರಿಕ್ ಹಾಫ್‌ಮನ್ ಇದನ್ನು ಗುರುತಿಸಿದರು. ಬಣ್ಣ ಹಾಕಿದರೆ ಸರಿಯಾಗಿ ಹಿಡಿಯದು. ಉದ್ದ 6ರಿಂದ 15 ಮೈಕ್ರೊಮೀಟರ್ ಇದ್ದರೂ ದಪ್ಪ ಮಾತ್ರ 0.2ರ ಆಸುಪಾಸು, ಮಾಮೂಲಿ ಸೂಕ್ಷ್ಮದರ್ಶಕದ ಬೆಳಕಿಗೆ ಸಿಗುವುದೇ ಇಲ್ಲ. ಹಿನ್ನೆಲೆಯನ್ನು ಕಪ್ಪಾಗಿಸಿ, ಓರೆ ಬೆಳಕು ಬಿಟ್ಟು ನೋಡಬೇಕು, ಹಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ದೂಳಿನ ಕಣ ಕಾಣಿಸುವ ಹಾಗೆ. ಆಗ ಕಾಣುತ್ತದೆ: ಬೆಳ್ಳಿ ತಂತಿಯ ಸ್ಪ್ರಿಂಗೊಂದು ಗಿರಗಿರ ತಿರುಗುತ್ತ, ನಡುನಡುವೆ ಸೊಂಟ ಬಳುಕಿಸುತ್ತ ಹೊರಟಿರುತ್ತದೆ.

ಈಜುವ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಬಾಲ ಮೈಯಿಂದ ಹೊರಗಿರುತ್ತದೆ. ಇದರ ಬಾಲ ಒಳಗೇ ಇದೆ. ಎರಡೂ ತುದಿಯಲ್ಲಿ ಪುಟ್ಟ ಮೋಟಾರುಗಳು. ಅವುಗಳಿಂದ ಹೊರಟ ಎಳೆಗಳು ಹೊರಪೊರೆಯ ಕೆಳಗೆ, ಪೈಜಾಮದ ನೇಫೆಯೊಳಗೆ ಲಾಡಿ ಹೋದಂತೆ, ಮೈಗೆ ಸುತ್ತಿಕೊಂಡಿವೆ. ಮೋಟಾರು ತಿರುಗಿದರೆ ಇಡೀ ಜೀವಿಯೇ ತಿರುಪುಮೊಳೆಯಾಗುತ್ತದೆ. ತೆಳು ನೀರಿನಲ್ಲಿ ಅದಕ್ಕೆ ಹಿಡಿತ ಸಾಲದು. ಗಂಜಿಯಂಥ, ಜೆಲ್ಲಿಯಂಥ ಅಂಗಾಂಶ ಸಿಕ್ಕರೆ ಮಾತ್ರ ಸರಾಗ. ಮರಕ್ಕೆ ಸ್ಕ್ರೂ ಇಳಿದಂತೆ ಇಳಿಯುತ್ತದೆ.

ಬಾಲ ಒಳಗಿರುವುದರಿಂದ ಇನ್ನೊಂದು ಲಾಭವೂ ಉಂಟು. ನಮ್ಮ ರೋಗನಿರೋಧಕ ಪಡೆ ಶತ್ರುವನ್ನು ಗುರುತಿಸುವುದು ಹೊರಮೈಯ ಪ್ರೋಟೀನುಗಳಿಂದ. ಇದರ ಹೊರಪೊರೆಯಲ್ಲಿ ಅಂಥವು ಬೆರಳೆಣಿಕೆಯಷ್ಟು. ಅವುಗಳಲ್ಲೂ ಒಂದು ಆಗಾಗ ರೂಪ ಬದಲಿಸುತ್ತಿರುತ್ತದೆ.

ಇಷ್ಟು ಚಾಲಾಕಿ ಜೀವಿ ಸಂಸಾರದಲ್ಲಿ ಮಾತ್ರ ಪರಮ ದರಿದ್ರ. 1998ರಲ್ಲಿ ಇದರ ಜೀನೋಮ್ ಓದಿ ಮುಗಿಸಿದಾಗ ಸಿಕ್ಕದ್ದು ಸುಮಾರು 1,000 ಜೀನುಗಳು. ಅಡುಗೆಮನೆಯೇ ಇಲ್ಲದ ಮನೆ: ಬಹುಪಾಲು ಅಮೈನೊ ಆಮ್ಲಗಳನ್ನಾಗಲಿ ಕೊಬ್ಬನ್ನಾಗಲಿ ತಾನೇ ತಯಾರಿಸಲಾರದು, ಎಲ್ಲವೂ ನಮ್ಮಿಂದಲೇ ಸಾಲ. ದೇಹದ ಹೊರಗೆ ಬಿದ್ದರೆ ಬೇಗ ಸಾಯುತ್ತದೆ. ಹಾಗಾಗಿ ಕಮೋಡಿನಿಂದ, ಟವೆಲ್ಲಿನಿಂದ ಅಂಟಿತು ಎನ್ನುವ ಕಥೆ ನಂಬಬೇಡಿ. 2018ರವರೆಗೆ ಇದನ್ನು ಪ್ರಯೋಗಾಲಯದ ಗಾಜಿನಲ್ಲಿ ನಿರಂತರವಾಗಿ ಬೆಳೆಸಲು ಯಾರಿಗೂ ಆಗಿರಲಿಲ್ಲ. 1912ರಲ್ಲಿ ಒಬ್ಬ ರೋಗಿಯಿಂದ ತೆಗೆದ ತಳಿಯನ್ನು ಮೊಲದಿಂದ ಮೊಲದ ವೃಷಣಕ್ಕೆ ದಾಟಿಸುತ್ತ ದಶಕಗಳ ಕಾಲ ಜೀವಂತ ಇಟ್ಟುಕೊಂಡಿದ್ದರು.

ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಗಟ್ಟಿ ಅಂಚಿನ ಒಂದು ಹುಣ್ಣು. ನೋವಿಲ್ಲ, ಉರಿಯಿಲ್ಲ. ಮೂರರಿಂದ ಆರು ವಾರದಲ್ಲಿ ತಾನಾಗಿ ಒಣಗುತ್ತದೆ. ಅಷ್ಟು ಹೊತ್ತಿಗೆ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಮೈಯೆಲ್ಲ ಹರಡಿಯಾಗಿದೆ. ಕೆಲವು ವಾರ ಕಳೆದು ಮೈಮೇಲೆ ಗಂಧೆಗಳು, ಅಂಗೈ ಅಂಗಾಲಿನಲ್ಲೂ. ಬೇರೆ ರೋಗಗಳಲ್ಲಿ ಅಂಗೈಗೆ ಗಂಧೆ ಬರುವುದು ಅಪರೂಪ. ಚರ್ಮವೈದ್ಯರು ಮೊದಲು ಕೈ ಮಗುಚಿ ನೋಡುವುದು ಅದಕ್ಕೇ. ಅದೂ ಮಾಯುತ್ತದೆ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಚಿಕಿತ್ಸೆ ಪಡೆಯದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಕೊನೆಗೆ ಮಹಾಪಧಮನಿ, ಮಿದುಳು ಅಥವಾ ಮೂಳೆಗೆ ಪೆಟ್ಟು.

ತಾನೇ ಮಾಯುವ ಈ ಹುಣ್ಣು ಎಷ್ಟು ಜನರಿಗೆ ಪುಕ್ಕಟೆ ಕೀರ್ತಿ ತಂದಿದೆಯೋ! 16ನೇ ಶತಮಾನದ ‘ಭಾವಪ್ರಕಾಶ’ ಇದನ್ನು ಫಿರಂಗ ರೋಗ ಎನ್ನುತ್ತದೆ, ಪರಂಗಿಯವರು ತಂದದ್ದು ಅಂತ. ಗ್ರಂಧಿಗೆ ಅಂಗಡಿಯಲ್ಲಿ ಇಂದಿಗೂ ಸಿಗುವ ಪರಂಗಿ ಚೆಕ್ಕೆ ಒಂದು ಕಾಲದಲ್ಲಿ ಇದಕ್ಕೇ ಮದ್ದು. ಇಟಲಿಯವರು ಫ್ರೆಂಚ್ ರೋಗ ಎಂದರು, ಫ್ರೆಂಚರು ನೇಪಲ್ಸ್ ರೋಗ ಎಂದರು. ಎಲ್ಲರೂ ಪಾದರಸ ಬಳಿದುಕೊಂಡು ಹಲ್ಲು ಕಳೆದುಕೊಂಡರು. ಹುಣ್ಣು ಒಣಗುತ್ತಿತ್ತು, ಮದ್ದಿಗೆ ಹೆಸರು ಬರುತ್ತಿತ್ತು. ಲಾಡ್ಜ್ ವೈದ್ಯನ ವಂಶವೃಕ್ಷ ದೊಡ್ಡದು.

ನಿಜವಾದ ಮದ್ದು ಪೆನ್ಸಿಲಿನ್. 1943ರಲ್ಲಿ ಅಮೆರಿಕದ ಜಾನ್ ಮಹೋನಿ ನಾಲ್ವರು ರೋಗಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಅದು ಬ್ಯಾಕ್ಟೀರಿಯಾದ ಗೋಡೆಯ ಗಾರೆ ಕೆಲಸ ಕೆಡಿಸುತ್ತದೆ; ಆದರೆ ಗೋಡೆ ಕಟ್ಟುತ್ತಿರುವಾಗ ಮಾತ್ರ. ಈ ಸೋಮಾರಿ ಒಂದರಿಂದ ಎರಡಾಗಲು 30 ಗಂಟೆಯ ಮೇಲೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಮದ್ದು ದಿನಗಟ್ಟಲೆ ರಕ್ತದಲ್ಲಿ ಕಾದು ಕೂತಿರಬೇಕು. ಅದಕ್ಕೆ ಬೆಂಜಥೀನ್ ಪೆನ್ಸಿಲಿನ್: ಸುಲಭಕ್ಕೆ ಕರಗದ ಬಿಳಿ ಪುಡಿ, ನೀರು ಬೆರೆಸಿ ಅಲುಗಾಡಿಸಿದರೆ ಗಟ್ಟಿ ಮಜ್ಜಿಗೆ. ದಪ್ಪ ಸೂಜಿಯೇ ಬೇಕು, ನಿಧಾನ ಮಾಡಿದರೆ ಅದೂ ಕಟ್ಟಿಕೊಳ್ಳುತ್ತದೆ. ಎರಡೂ ಪಿರ್ರೆಗೆ 12 ಲಕ್ಷ ಯೂನಿಟ್‌ನಂತೆ ಒಟ್ಟು 24 ಲಕ್ಷ. ಎರಡು ದಿನ ಕೂರುವುದು ಕಷ್ಟ. ಸ್ನಾಯುವಿನಲ್ಲಿ ಗಡ್ಡೆಯಂತೆ ಕೂತು ವಾರಗಟ್ಟಲೆ ಜಿನುಗುತ್ತದೆ. ಹೊಸ ಸೋಂಕಿಗೆ ಒಂದೇ ಸಲ ಸಾಕು, ಹಳೆಯದಕ್ಕೆ ವಾರಕ್ಕೊಂದರಂತೆ ಮೂರು.

ನನಗೆ ಅತ್ಯಂತ ಬೆರಗಿನ ಸಂಗತಿ ಇದು: 80 ವರ್ಷ ದಾಟಿದರೂ ಈ ಜೀವಿ ಪೆನ್ಸಿಲಿನ್ ಎದುರು ನಿಲ್ಲಲು ಕಲಿತಿಲ್ಲ. ಅಜಿತ್ರೊಮೈಸಿನ್‌ಗೆ ಕಲಿತಿದೆ, ಇದಕ್ಕೆ ಇಲ್ಲ. ಇದರ ಓರಗೆಯ ಗೊನೊರಿಯಾ ನೋಡಿ. ಸಲ್ಫಾ, ಪೆನ್ಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಒಂದೊಂದನ್ನೂ ಸೋಲಿಸಿ ಈಗ ಸೆಫ್ಟ್ರಿಯಾಕ್ಸೋನ್ ಗುಂಪಿನ ಬಾಗಿಲು ತಟ್ಟುತ್ತಿದೆ. ಕ್ಲಮೈಡಿಯಾ ವಾರದ ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ. ಹರ್ಪಿಸ್ ವೈರಸ್ಸನ್ನು ಮಾತ್ರೆಯಿಂದ ಅಡಗಿಸಬಹುದು, ಓಡಿಸಲಾಗದು. ಯಾವುದೇ ಇರಲಿ, ಗಂಡನಿಗೆ ಮದ್ದು ಕೊಟ್ಟು ಹೆಂಡತಿಯನ್ನು ಬಿಟ್ಟರೆ ಸೋಂಕು ಮತ್ತೆ ಮನೆಗೇ ಬರುತ್ತದೆ. ಜಿಲ್ಲಾಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ನಲ್ಲಿ ಪುಕ್ಕಟೆ ಸಿಗುವ ಕಿಟ್‌ಗಳಿಗೆ ಬಣ್ಣದ ಗುರುತಿದೆ: ಹುಣ್ಣಿಗೆ ಬಿಳಿ, ಮೂತ್ರನಾಳದ ಸ್ರಾವಕ್ಕೆ ಬೂದು. ರೋಗದ ಹೆಸರು ಬಾಯಿಬಿಟ್ಟು ಹೇಳುವ ಮುಜುಗರ ಅಷ್ಟಾದರೂ ಕಡಿಮೆ.

ಸದ್ದಿಲ್ಲದ ಸಿಫಿಲಿಸ್ಸನ್ನು ಹಿಡಿಯಲು ರಕ್ತ ಪರೀಕ್ಷೆಯೊಂದೇ ದಾರಿ. ಬಸುರಿಯರ ತಾಯಿ ಕಾರ್ಡಿನಲ್ಲಿ ವಿಡಿಆರ್‌ಎಲ್ ಅಂತ ಬರೆದಿರುವುದು ಇದೇ. ಎತ್ತಿನ ಹೃದಯದಿಂದ ತೆಗೆದ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನ ಹನಿಗೆ ರಕ್ತಸಾರ ಸೇರಿಸಿ ನಾಲ್ಕು ನಿಮಿಷ ಗಾಜನ್ನು ತಿರುಗಿಸುತ್ತಾರೆ. ಒಡೆದ ಹಾಲಿನಂತೆ ಗರಣೆ ಕಟ್ಟಿದರೆ ಅನುಮಾನ. ಮಲೇರಿಯಾ, ಕುಷ್ಠ ಇದ್ದರೂ ಒಮ್ಮೊಮ್ಮೆ ಗರಣೆ ಕಟ್ಟುವುದರಿಂದ ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ಬೇಕು. ತಾಯಿಯ ಸೋಂಕು ಮಾಸುಚೀಲ ದಾಟಿ ಮಗುವನ್ನು ಹೊಟ್ಟೆಯಲ್ಲೇ ಕೊಲ್ಲಬಹುದು. ಹೆರಿಗೆಗೆ ತಿಂಗಳ ಮುಂಚಾದರೂ ಆ ಮಜ್ಜಿಗೆ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಮಗು ಉಳಿಯುತ್ತದೆ.

ಇಂಜೆಕ್ಷನ್ ಆದ ದಿನ ಸಂಜೆ ಚಳಿಜ್ವರ ಬರಬಹುದು. ಸತ್ತ ಬ್ಯಾಕ್ಟೀರಿಯಾದ ಚೂರುಗಳಿಗೆ ದೇಹ ತೋರುವ ಸಿಟ್ಟು ಅದು, ಮರುದಿನಕ್ಕೆ ಇಳಿಯುತ್ತದೆ. ಆಮೇಲೆ ವಿಡಿಆರ್‌ಎಲ್ ಅಂಕಿ, ಅಂದರೆ ರಕ್ತಸಾರವನ್ನು ಎಷ್ಟು ಪಟ್ಟು ತೆಳುಮಾಡಿದರೂ ಗರಣೆ ಕಟ್ಟುತ್ತದೆ ಎಂಬ ಲೆಕ್ಕ, ಇಳಿಯುವುದನ್ನು ನೋಡುತ್ತಿರಬೇಕು: 1:32 ಇದ್ದದ್ದು 1:8ಕ್ಕೆ ಬಂದರೆ ವೈದ್ಯರು ತಲೆಯಾಡಿಸುತ್ತಾರೆ. ಟಿಪಿಎಚ್‌ಎ ಮಾತ್ರ ಗುಣವಾದರೂ ಬಹುಮಟ್ಟಿಗೆ ಬದುಕಿಡೀ ಪಾಸಿಟಿವ್. ಮಂಗಳೂರು, ಉಡುಪಿ ಕಡೆಯಿಂದ ಗಲ್ಫಿಗೆ ಹೊರಟವರ ಮೆಡಿಕಲ್‌ನಲ್ಲಿ ಈ ಪರೀಕ್ಷೆಯೂ ಇರುತ್ತದೆ. ಎಂದೋ ಗುಣವಾದ ರೋಗ ಅಲ್ಲಿ ಕಾಗದದ ಮೇಲೆ ಮತ್ತೆ ಎದ್ದು ಕೂತೀತು. ಹಳೆಯ ಇಂಜೆಕ್ಷನ್ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿರಿ.