ನಿಂತ ನಿಮಿಷಗಳ ಬೆಲೆ

2021ರ ಫೆಬ್ರುವರಿ 24, ಬುಧವಾರ. ಬೆಳಿಗ್ಗೆ 11.40ಕ್ಕೆ ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇಯಲ್ಲಿ ವಹಿವಾಟು ನಿಂತಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ, 245 ನಿಮಿಷಗಳ ನಂತರ. ದಿನದ ವಹಿವಾಟು 9.15ರಿಂದ 3.30ರವರೆಗೆ, ಒಟ್ಟು 375 ನಿಮಿಷ. ಅದರಲ್ಲಿ 230 ನಿಮಿಷ, ಶೇ 61ರಷ್ಟು, ಕೈತಪ್ಪಿತು. ಸಂಜೆ 5ರವರೆಗೆ ಅವಧಿ ವಿಸ್ತರಿಸಿ 75 ನಿಮಿಷ ಮರಳಿ ಕೊಟ್ಟರೂ ಅಂದು ನಡೆದದ್ದು 220 ನಿಮಿಷಗಳ ವಹಿವಾಟು ಮಾತ್ರ. ಮರುದಿನ ಆ ತಿಂಗಳ ವಾಯಿದೆ ಒಪ್ಪಂದಗಳು ಮುಗಿಯುವ ಗುರುವಾರ. ಅಂದಂದೇ ಲೆಕ್ಕ ಚುಕ್ತಾ ಮಾಡುವ ವ್ಯಾಪಾರಿಗಳಿಗೆ ಮಾರುಕಟ್ಟೆ ಮತ್ತೆ ತೆರೆಯುವುದೇ ಇಲ್ಲವೇ ಎಂಬುದು ಮೂರೂವರೆ ಗಂಟೆಗೂ ಹೆಚ್ಚು ಕಾಲ ಗೊತ್ತಾಗಲಿಲ್ಲ.

ಕಾರಣ ರಸ್ತೆ ಅಗೆತ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಮುಖ್ಯ ಕೇಂದ್ರಕ್ಕೂ ದತ್ತಾಂಶದ ಪ್ರತಿ ಇಡುವ, ಸಮೀಪದ ಕುರ್ಲಾದಲ್ಲಿರುವ ಕೇಂದ್ರಕ್ಕೂ ನಡುವೆ ಎರಡು ದೂರಸಂಪರ್ಕ ಕಂಪನಿಗಳ ಸಂಪರ್ಕವಿತ್ತು. ಒಂದು ಕಡಿದರೆ ಇನ್ನೊಂದು ಇರಲಿ ಎಂಬ ಏರ್ಪಾಡು ಅದು. ಎರಡೂ ಕೇಂದ್ರಗಳ ನಡುವಿನ ರಸ್ತೆಯಲ್ಲಿ ನಡೆದ ಅಗೆತ, ಕಾಮಗಾರಿಯಿಂದ ಸಂಪರ್ಕ ಕೆಟ್ಟಿತೆಂದು ಕಂಪನಿಗಳು ವರದಿ ಮಾಡಿದವು. ಕುರ್ಲಾ ಕೇಂದ್ರಕ್ಕೆ ದಾರಿ ಮುಚ್ಚಿದರೂ ಮುಖ್ಯ ಕೇಂದ್ರದ ದತ್ತಾಂಶ ಸಂಗ್ರಹ ವ್ಯವಸ್ಥೆ ತನ್ನ ಪಾಡಿಗೆ ತಾನು ಓಡಬೇಕಿತ್ತು. ಅದು ಓಡಲಿಲ್ಲ. ಅದನ್ನು ನಂಬಿದ್ದ ಅಪಾಯ ನಿರ್ವಹಣಾ ವ್ಯವಸ್ಥೆಯೂ ಕೈಕೊಟ್ಟಿತು. ಬಿಲ್ಲು ಎರಡು ಬಂದ ಮಾತ್ರಕ್ಕೆ ದಾರಿಯೂ ಎರಡಾಗಿರುವುದಿಲ್ಲ. ಜೋಡಿ ಸಂಪರ್ಕಕ್ಕೆ ಹಣ ಕೊಡುವ ಯಾವ ಸಂಸ್ಥೆಯಾದರೂ ಕೇಳಬೇಕಾದ ಮೊದಲ ಪ್ರಶ್ನೆ, ಎರಡೂ ಕೇಬಲ್ ಯಾವ ಯಾವ ರಸ್ತೆಯ ಅಡಿಯಲ್ಲಿ ಹೋಗುತ್ತವೆ ಎಂಬುದು.

ಸುಮಾರು 1,000 ಕಿ.ಮೀ. ದೂರದ ಚೆನ್ನೈನಲ್ಲಿ ಎನ್‌ಎಸ್‌ಇಗೆ ಇನ್ನೊಂದು ಕೇಂದ್ರವೂ ಇತ್ತು. ಇದನ್ನು ಡಿಆರ್ ಕೇಂದ್ರ ಎನ್ನುತ್ತಾರೆ: ಮುಖ್ಯ ಕೇಂದ್ರ ಪೂರ್ತಿ ಕೆಟ್ಟಾಗ ಕೆಲಸವನ್ನು ಹೊರುವ ಬದಲಿ ಕೇಂದ್ರ. 245 ನಿಮಿಷಗಳಲ್ಲಿ ಒಮ್ಮೆಯೂ ವಹಿವಾಟು ಅಲ್ಲಿಗೆ ಹೋಗಲಿಲ್ಲ. ಮುಖ್ಯ ಕೇಂದ್ರವನ್ನೇ ಸರಿಪಡಿಸಿ ಬಾಗಿಲು ತೆರೆಯಲಾಯಿತು.

ಮಾರುಕಟ್ಟೆ ನಿಯಂತ್ರಕ ಸೆಬಿಯ ಆಗಿನ ನಿಯಮವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಇಂಥ ನಿಯಮಗಳಲ್ಲಿ ಎರಡು ಅಳತೆಗಳಿರುತ್ತವೆ. ನಿಂತ ಕೆಲಸ ಎಷ್ಟು ಹೊತ್ತಿನಲ್ಲಿ ಮತ್ತೆ ಶುರುವಾಗಬೇಕು ಎಂಬುದು ಚೇತರಿಕೆ ಮಿತಿ. ಎಷ್ಟು ಹೊತ್ತಿನ ದತ್ತಾಂಶ ಹೋದರೆ ಸಹಿಸಬಹುದು ಎಂಬುದು ನಷ್ಟ ಮಿತಿ. ಅಂದು ಚೇತರಿಕೆ ಮಿತಿ 4 ಗಂಟೆ, ನಷ್ಟ ಮಿತಿ 30 ನಿಮಿಷ. ದೇಶದ ಅತಿ ದೊಡ್ಡ ಷೇರುಪೇಟೆ 245 ನಿಮಿಷ ನಿಂತದ್ದು 240 ನಿಮಿಷದ ಆ ಮಿತಿಯನ್ನು ಮೀರಿದ್ದು ಕೇವಲ 5 ನಿಮಿಷದಿಂದ. ಕೆಲಸದ ದಿನವೇ 375 ನಿಮಿಷವಿರುವ ಕಡೆ 240 ನಿಮಿಷದ ಮಿತಿ ಇದ್ದುದೇ ತಪ್ಪು.

2021ರ ಮಾರ್ಚ್ 22ರ ಸುತ್ತೋಲೆಯಲ್ಲಿ ಸೆಬಿ ಚೇತರಿಕೆ ಮಿತಿಯನ್ನು 45 ನಿಮಿಷಕ್ಕೆ, ನಷ್ಟ ಮಿತಿಯನ್ನು 15 ನಿಮಿಷಕ್ಕೆ ಇಳಿಸಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಮೂರನೇ ಅಂಕಿ: ತೊಂದರೆ ಕಾಣಿಸಿದ 30 ನಿಮಿಷದೊಳಗೆ ಅದನ್ನು ‘ವಿಪತ್ತು’ ಎಂದು ಘೋಷಿಸಬೇಕು. 30 ಮತ್ತು 45 ಸೇರಿ 75 ನಿಮಿಷ, ಹಳೆಯ ಮಿತಿಯ ಶೇ 31. ಇದರಲ್ಲಿ ಐದನೇ ಎರಡು ಪಾಲು ಯಂತ್ರಗಳಿಗಲ್ಲ, ನಿರ್ಧಾರಕ್ಕೆ ಮೀಸಲು. ‘ಇನ್ನು ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ’ ಎಂದು ಕಾಯುತ್ತ ಗಂಟೆಗಳು ಕಳೆಯುವುದನ್ನು ಯಾವುದೇ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡಿದವರು ಬಲ್ಲರು.

2023ರ ಜೂನ್‌ನಲ್ಲಿ ಎನ್‌ಎಸ್‌ಇ ಮತ್ತು ಅದರ ಕ್ಲಿಯರಿಂಗ್ ಸಂಸ್ಥೆ ಸೆಬಿಗೆ 72.64 ಕೋಟಿ ರೂಪಾಯಿ ಕಟ್ಟಿ ಈ ನಿಲುಗಡೆ ಕುರಿತ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡವು. 245 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 29.65 ಲಕ್ಷ ರೂಪಾಯಿ. ಹೂಡಿಕೆದಾರರ ನಷ್ಟ ಈ ಲೆಕ್ಕದಲ್ಲಿ ಇಲ್ಲ.

2024ರ ಮಾರ್ಚ್ 2ರ ಶನಿವಾರ ಎನ್‌ಎಸ್‌ಇ ಸಾರ್ವಜನಿಕವಾಗಿ ತಾಲೀಮು ನಡೆಸಿತು. 9.15ರಿಂದ 10ರವರೆಗೆ ಮುಖ್ಯ ಕೇಂದ್ರದಿಂದ, 11.30ರಿಂದ 12.30ರವರೆಗೆ ಡಿಆರ್ ಕೇಂದ್ರದಿಂದ ನಿಜವಾದ ವಹಿವಾಟು ನಡೆಯಿತು. ಇದು ಸ್ವಾಗತಾರ್ಹ. ಆದರೆ ಎರಡು ಅವಧಿಗಳ ನಡುವೆ 90 ನಿಮಿಷ ಬಿಡುವಿತ್ತು, ದಿನಾಂಕ ಎಲ್ಲರಿಗೂ ಮೊದಲೇ ಗೊತ್ತಿತ್ತು. ಮುಂಚೆ ಸಾರಿದ ತಾಲೀಮು ಯಂತ್ರಗಳನ್ನು ಪರೀಕ್ಷಿಸುತ್ತದೆ. ಆ ಮೊದಲ 30 ನಿಮಿಷವನ್ನು ಪರೀಕ್ಷಿಸುವುದಿಲ್ಲ.

ಬದಲಿ ಕೇಂದ್ರ ಇದ್ದೂ ಬಳಸದಿದ್ದದ್ದು ಮುಂಬೈ ಕಥೆಯಾದರೆ, ಪ್ರತಿಯೇ ಇಲ್ಲದಿದ್ದದ್ದು ದಕ್ಷಿಣ ಕೊರಿಯಾದ ಡೇಜಾನ್ ನಗರದ್ದು. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿ 709 ಸರ್ಕಾರಿ ವ್ಯವಸ್ಥೆಗಳನ್ನು ನಿಲ್ಲಿಸಬೇಕಾಯಿತು. 96 ನೇರವಾಗಿ ಸುಟ್ಟವು. ಅವುಗಳಲ್ಲಿ ನೌಕರರು ಕಡತ ಇಡುತ್ತಿದ್ದ ‘ಜಿ-ಡ್ರೈವ್’ ಒಂದು. ಅದರಲ್ಲಿದ್ದ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ಗಾತ್ರ ದೊಡ್ಡದು, ಹಾಗಾಗಿ ಪ್ರತಿ ಇಡಲಾಗಲಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ಬಳಸುತ್ತಿದ್ದ ಸುಮಾರು 1.25 ಲಕ್ಷ ನೌಕರರಿಗೆ ಭಾಗಿಸಿದರೆ ತಲೆಗೆ 7 ಗಿಗಾಬೈಟ್ ಕೂಡ ಆಗುವುದಿಲ್ಲ. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಪೆನ್‌ಡ್ರೈವ್‌ನಲ್ಲಿ ಹಿಡಿಯುವಷ್ಟು.

ಬೆಂಗಳೂರಿಗೆ ಬಂದರೆ ಲೆಕ್ಕ ಬೇರೆ ತೆರನದು. 2022ರ ಆಗಸ್ಟ್ 30ರ ಮಳೆಗೆ ಉದ್ಯೋಗಿಗಳು ಐದು ಗಂಟೆಗೂ ಹೆಚ್ಚು ರಸ್ತೆಯಲ್ಲಿ ಸಿಲುಕಿದರು, 225 ಕೋಟಿ ರೂಪಾಯಿ ನಷ್ಟವಾಯಿತು ಎಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆಯಿತು. ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್‌ವರೆಗಿನ 17 ಕಿ.ಮೀ.ನ ವಾರ್ಷಿಕ ಆದಾಯ 2,200 ಕೋಟಿ ಡಾಲರ್ ಎಂದೂ ಅದೇ ಪತ್ರ ಹೇಳುತ್ತದೆ. ಡಾಲರಿಗೆ 80 ರೂಪಾಯಿ, ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ ದಿನಕ್ಕೆ ಸುಮಾರು 704 ಕೋಟಿ. 225 ಕೋಟಿ ಅದರ ಶೇ 32. ಐದು ಗಂಟೆ ಹೋದ ದಿನಕ್ಕೆ ಇದು ಉತ್ಪ್ರೇಕ್ಷೆಯ ಅಂದಾಜಲ್ಲ.

ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು, ಇಡೀ ತಿಂಗಳ ವಾಡಿಕೆಯ ಐದನೇ ಮೂರು ಪಾಲಿನಷ್ಟು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತುವ ಪಂಪ್‌ಹೌಸ್‌ಗೂ ನೀರು ನುಗ್ಗಿತು. ನಗರದ ಹಲವೆಡೆ ಕುಡಿಯುವ ನೀರು ನಿಂತಿತು. ಜನರೇಟರ್, ಬದಲಿ ಸರ್ವರ್ ಎಲ್ಲ ಇದ್ದ ಕಚೇರಿಗೂ ನಲ್ಲಿಯಲ್ಲಿ ನೀರಿಲ್ಲದಿದ್ದರೆ ಉದ್ಯೋಗಿಗಳನ್ನು ಕರೆಸಿಕೊಳ್ಳಲಾಗದು. ಆ ವಾರ ಐಟಿ ಕಂಪನಿಗಳು ಕೆಲಸವನ್ನು ಮನೆಗಳಿಗೆ ವರ್ಗಾಯಿಸಿದವು. ಕೋವಿಡ್‌ನ ಎರಡು ವರ್ಷ ಅದಕ್ಕೆ ತಾಲೀಮಾಗಿತ್ತು, ಆದ್ದರಿಂದ ಅದು ಸಾಧ್ಯವಾಯಿತು.

ಆದರೆ ಸಣ್ಣ ಕಾರ್ಖಾನೆಗಳ ಲೇತ್, ಮಿಲ್ಲಿಂಗ್ ಯಂತ್ರಗಳನ್ನು ಮನೆಗೆ ಒಯ್ಯಲಾಗದು. 12 ಕೆಲಸಗಾರರ ಒಂದು ಘಟಕವನ್ನು ಉದಾಹರಣೆಗೆ ಊಹಿಸಿಕೊಳ್ಳೋಣ: ತಿಂಗಳ ಸಂಬಳ 2.4 ಲಕ್ಷ, ಬಾಡಿಗೆ 60 ಸಾವಿರ, ಸಾಲದ ಕಂತು 90 ಸಾವಿರ. ಒಟ್ಟು 3.9 ಲಕ್ಷ ರೂಪಾಯಿ. ಶೆಡ್‌ಗೆ ನೀರು ನುಗ್ಗಿ ಕೆಲಸ ನಿಂತರೂ ದಿನಕ್ಕೆ 13,000 ರೂಪಾಯಿ ಹೋಗುತ್ತಲೇ ಇರುತ್ತದೆ. ನೆಲಮಟ್ಟದ ವಿದ್ಯುತ್ ಪ್ಯಾನೆಲನ್ನು ಎದೆಮಟ್ಟಕ್ಕೆ ಏರಿಸಿ, ಡ್ರಾಯಿಂಗ್ ಹಾಗೂ ಲೆಕ್ಕದ ಕಡತಗಳ ಒಂದು ಪ್ರತಿಯನ್ನು ಬೇರೆ ಬಡಾವಣೆಯಲ್ಲಿ ಇಡಲು 65,000 ರೂಪಾಯಿ ತಗುಲಿತು ಎಂದುಕೊಂಡರೂ, ಐದು ದಿನದ ನಿಲುಗಡೆ ತಪ್ಪಿದರೆ ಆ ಹಣ ಮರಳಿದಂತೆ.

ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯ ಹೊರಗಿಟ್ಟ ಬಾಬತ್ತುಗಳನ್ನು ಓದಬೇಕು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ, ‘ಭಾರತ್ ಲಘು ಉದ್ಯಮ ಸುರಕ್ಷಾ’ 5 ಕೋಟಿಯಿಂದ 50 ಕೋಟಿವರೆಗಿನ ಆಸ್ತಿಗೆ. ಎರಡರಲ್ಲೂ ಕಟ್ಟಡ, ಯಂತ್ರ, ಸರಕಿನ ಹಾನಿಗೆ ಪರಿಹಾರವುಂಟು. ಕೆಲಸ ನಿಂತ ದಿನಗಳ ಗಳಿಕೆಗೆ ಇಲ್ಲ. ಅದಕ್ಕೆ ಲಾಭನಷ್ಟದ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಅದರಲ್ಲೂ ಆರಂಭದ ಕೆಲವು ದಿನಗಳ ನಷ್ಟ ಪಾಲಿಸಿದಾರರ ಪಾಲಿಗೇ ಉಳಿಯುತ್ತದೆ. ಆ ಅವಧಿ 7 ದಿನ ಎಂದಿದ್ದರೆ ಮೇಲಿನ ಘಟಕದ ಮಾಲೀಕರು 91,000 ರೂಪಾಯಿಯನ್ನು ಕೈಯಿಂದ ಹಾಕಿಕೊಳ್ಳಬೇಕು. ಎಂಟನೇ ದಿನದಿಂದ ವಿಮೆ ಲೆಕ್ಕಕ್ಕೆ ಬರುತ್ತದೆ. ಸಂಬಳದ ದಿನ ಅದಕ್ಕೂ ಮೊದಲೇ ಬಂದರೆ ಆ 2.4 ಲಕ್ಷಕ್ಕೆ ಬ್ಯಾಂಕಿನಲ್ಲಿ ಹಣ ಬೇರೆಯಾಗಿ ಇರಬೇಕಾಗುತ್ತದೆ.