ನಿದ್ರೆಯೂ ಚರ್ಮವೂ

ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ಕ್ಷೇತ್ರಗಳ ಮೇಳಗಳು ಇಂದು ಒಂದೂರಿನಲ್ಲಿ, ನಾಳೆ ಮತ್ತೊಂದೂರಿನಲ್ಲಿ ಹರಕೆಯ ಆಟಗಳನ್ನು ಆಡುತ್ತ ಮುಂದಿನ ಮಳೆಗಾಲದ ಹೊಸ್ತಿಲವರೆಗೂ ಸಂಚರಿಸುತ್ತವೆ. ಈಚೆಗೆ ಕಾಲಮಿತಿಯ ಆಟಗಳು ಹೆಚ್ಚಿದ್ದರೂ ಇರುಳು ಪೂರ್ತಿ ನಡೆದು ಬೆಳಗಿನ ಮಂಗಳದೊಂದಿಗೆ ಮುಗಿಯುವ ಸಂಪ್ರದಾಯ ಅಳಿದಿಲ್ಲ. ಅಂಥ ಆಟದಲ್ಲಿ ಕಲಾವಿದನು ಚೌಕಿಯಲ್ಲಿ ಬಣ್ಣ ಬಳಿದುಕೊಂಡು, ವೇಷ ಕಟ್ಟಿ, ರಂಗಸ್ಥಳದಲ್ಲಿ ಕುಣಿದು, ಕೊನೆಗೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುವ ಹೊತ್ತಿಗೆ ಮೂಡಣ ದಿಕ್ಕು ಕೆಂಪಾಗಿರುತ್ತದೆ. ಊರು ಏಳುವ ವೇಳೆಗೆ ಅವನು ಮಲಗಬೇಕು.

ಇಂಥವರ ಮುಖ ಬಾಡಿದ್ದನ್ನು ಕಂಡವರು ಬಣ್ಣವನ್ನು ದೂರುವುದು ವಾಡಿಕೆ. ಆ ದೂರು ನಿರಾಧಾರವಾದುದಲ್ಲ. ಹಿಂದೆ ಬಳಕೆಯಲ್ಲಿದ್ದ ಅರದಾಳದಲ್ಲಿ ಆರ್ಸೆನಿಕ್ ಇತ್ತು, ಇಂಗಳೀಕದಲ್ಲಿ ಪಾದರಸವಿತ್ತು. ಎರಡೂ ವಿಷವಸ್ತುಗಳೇ. ಆದರೆ ತಪ್ಪನ್ನೆಲ್ಲ ಬಣ್ಣದ ಮೇಲೆ ಹೊರಿಸಿದರೆ ನಿದ್ದೆಗೇಡು ಸುಲಭವಾಗಿ ಪಾರಾಗಿಬಿಡುತ್ತದೆ.

ಚರ್ಮವು ದೇಹವನ್ನು ಸುತ್ತಿದ ಬರಿಯ ಹೊದಿಕೆಯಲ್ಲ. ಅದೊಂದು ಜೀವಂತ ಅಂಗ. ಹೊರಚರ್ಮದ ತಳದಲ್ಲಿ ಜೀವಕೋಶಗಳು ಸದಾ ಹುಟ್ಟುತ್ತ, ಮೇಲಕ್ಕೆ ಸರಿಯುತ್ತ, ಸತ್ತು ಚಪ್ಪಟೆಯಾಗಿ, ಕೊನೆಗೆ ಹೊಟ್ಟಿನಂತೆ ಉದುರುತ್ತವೆ. ತರುಣರಲ್ಲಿ ಈ ಪಯಣಕ್ಕೆ ಸುಮಾರು ನಾಲ್ಕು ವಾರಗಳು ಬೇಕು. ಮೇಲ್ಪದರದ ಸತ್ತ ಕೋಶಗಳು ಮುರಕಲ್ಲಿನ ಗೋಡೆಯಂತೆ ಒಂದರ ಮೇಲೊಂದು ಕೂಡಿರುತ್ತವೆ. ಅವುಗಳ ನಡುವಣ ಕೊಬ್ಬಿನಂಶವೇ ಗಾರೆ. ಈ ಗಾರೆ ಕಳಚಿದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಚರ್ಮ ಒಣಗಿ ಬಿರಿಯುತ್ತದೆ, ತುರಿಸುತ್ತದೆ.

ಗೋಡೆಯ ದುರಸ್ತಿ ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿ ನಡೆಯುವುದಿಲ್ಲ. ಜೀವಿಗಳ ದೇಹದೊಳಗೆ ಹಗಲಿರುಳುಗಳನ್ನು ಅಳೆಯುವ ಗಡಿಯಾರವೊಂದುಂಟು. ಅದು ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದುದಕ್ಕಾಗಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಚರ್ಮದ ಕೋಶಗಳಲ್ಲಿಯೂ ಈ ಗಡಿಯಾರವಿದೆ. ಹಗಲಿನಲ್ಲಿ ಬಿಸಿಲು, ಧೂಳುಗಳನ್ನು ಎದುರಿಸುವುದು ಚರ್ಮದ ಮುಖ್ಯ ಕೆಲಸ. ಕೋಶಗಳು ಒಡೆದು ಇಮ್ಮಡಿಯಾಗುವುದು ಇರುಳಿನಲ್ಲಿ ಹೆಚ್ಚು. ಗಾಢನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ಕಾರ್ಟಿಸಾಲ್ ಎಂಬ ಮತ್ತೊಂದು ಹಾರ್ಮೋನು ಇರುಳಿನ ಮೊದಲ ಭಾಗದಲ್ಲಿ ತಗ್ಗಿದ್ದು ಬೆಳಗಿನ ಕಡೆಗೆ ಏರುತ್ತದೆ. ನಿದ್ದೆಗೆಟ್ಟವರಲ್ಲಿ ಈ ಏರಿಳಿತ ತಪ್ಪುತ್ತದೆ. ಕಾರ್ಟಿಸಾಲ್ ಮಿತಿಮೀರಿದರೆ ಗಾಯ ಮಾಯುವುದು ನಿಧಾನವಾಗುತ್ತದೆ. ಒಳಚರ್ಮಕ್ಕೆ ಬಿಗುವು ಕೊಡುವ ಕೊಲಾಜನ್ ಎಂಬ ನಾರಿನ ಉತ್ಪತ್ತಿಯೂ ಕುಂದುತ್ತದೆ.

ಹಗಲು ಮಲಗಿ ನಿದ್ದೆಯನ್ನು ತುಂಬಿಕೊಳ್ಳಬಾರದೇ? ತುಂಬಿಕೊಳ್ಳಬಹುದು, ಪೂರ್ತಿಯಾಗಿ ಅಲ್ಲ. ಬೆಳಕು, ಸೆಕೆ, ಮಕ್ಕಳ ಗದ್ದಲ, ಮುಂದಿನ ಊರಿನ ಪ್ರಯಾಣ ಇವು ಬಿಡಬೇಕಲ್ಲ! ಕತ್ತಲೆ ಮಾಡಿದ ಕೋಣೆಯಲ್ಲಿ ದಿನವೂ ಒಂದೇ ಹೊತ್ತಿಗೆ ಮಲಗಿದರೆ ನಷ್ಟ ಕಡಿಮೆಯಾಗುತ್ತದೆ. ಆಸ್ಪತ್ರೆಯ ದಾದಿಯರಿಗೂ ರಾತ್ರಿ ಬಸ್ಸಿನ ಚಾಲಕರಿಗೂ ಈ ಮಾತು ಅನ್ವಯಿಸುತ್ತದೆ.

ಮನಸ್ಸಿನ ಒತ್ತಡವೂ ಇದೇ ಕಾರ್ಟಿಸಾಲಿನ ದಾರಿಯಲ್ಲಿ ಚರ್ಮವನ್ನು ಮುಟ್ಟುತ್ತದೆ. ಇದಕ್ಕೆ ವಿದ್ಯಾರ್ಥಿಗಳೇ ಸಾಕ್ಷಿ. ಅಮೆರಿಕದ ಓಹಾಯೊ ರಾಜ್ಯದಲ್ಲಿ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ, ಅವರ ಒಪ್ಪಿಗೆ ಪಡೆದು, 3.5 ಮಿಲಿಮೀಟರಿನ ಸಣ್ಣ ಗಾಯ ಮಾಡಲಾಯಿತು: ಬೇಸಿಗೆ ರಜೆಯಲ್ಲಿ ಒಮ್ಮೆ, ಪರೀಕ್ಷೆಗೆ ಮೂರು ದಿನಗಳ ಮೊದಲು ಇನ್ನೊಮ್ಮೆ. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು. ಅವರಲ್ಲಿ ಒಬ್ಬನ ಗಾಯವೂ ರಜೆಯಲ್ಲಿ ಮಾಯ್ದಷ್ಟು ಬೇಗ ಮಾಯಲಿಲ್ಲ. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ಗಾಯವನ್ನು ಕುರಿತದ್ದಾದರೂ, ಪರೀಕ್ಷೆಯ ಹೊತ್ತಿಗೆ ಮೊಡವೆಗಳು ಉಲ್ಬಣಿಸುವುದನ್ನು ಕಂಡವರಿಗೆ ಆಶ್ಚರ್ಯ ತರಲಾರದು.

ಇನ್ನು ಮುಪ್ಪು. ಹರೆಯ ಕಳೆದ ಮೇಲೆ ಕೊಲಾಜನ್ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಕ್ಷಯಿಸುತ್ತದೆ; ಹೊಸ ಕೋಶಗಳ ಪಯಣ ನಿಧಾನವಾಗುತ್ತದೆ; ಎಣ್ಣೆಯ ಅಂಶ ಬತ್ತುತ್ತದೆ. ಇದು ರೋಗವಲ್ಲ. ಲೇಪನಗಳು ಒಣಚರ್ಮದ ನೀರನ್ನು ಹಿಡಿದಿಡಬಲ್ಲವೇ ಹೊರತು, ಜಾಹೀರಾತುಗಳು ಸಾರುವಂತೆ ಹೋದ ವಯಸ್ಸನ್ನು ಮರಳಿ ತರಲಾರವು. ಆದರೆ ವಯಸ್ಸಿನದೆಂದು ತಿಳಿದ ಸುಕ್ಕಿನಲ್ಲಿ ಬಹುಪಾಲು ವಯಸ್ಸಿನದಲ್ಲ, ಬಿಸಿಲಿನದು. ಗಂಗೊಳ್ಳಿಯ ಅಥವಾ ಮರವಂತೆಯ ಕಡಲಿನಲ್ಲಿ ಬಾಳು ಸವೆಸಿದ ಹಿರಿಯ ಮೀನುಗಾರರ ಕುತ್ತಿಗೆಯ ಹಿಂಬದಿಯನ್ನೂ ತೋಳಿನ ಒಳಬದಿಯನ್ನೂ ಹೋಲಿಸಿ ನೋಡಬೇಕು. ಒಂದು ಆಳವಾದ ಗೆರೆಗಳಿಂದ ಒರಟಾಗಿರುತ್ತದೆ. ಇನ್ನೊಂದು ತೆಳುವಾಗಿದ್ದರೂ ನಯವಾಗಿರುತ್ತದೆ. ನೇರಳಾತೀತ ಕಿರಣಗಳು ನೆತ್ತಿಯ ಮೇಲಿನಿಂದ ಮಾತ್ರವಲ್ಲದೆ ನೀರಿನಿಂದಲೂ ಮರಳಿನಿಂದಲೂ ಪ್ರತಿಫಲಿಸಿ ಮುಖವನ್ನು ತಟ್ಟುತ್ತವೆ. ತೆಳುಮೋಡ ಅವನ್ನು ಪೂರ್ತಿಯಾಗಿ ತಡೆಯಲಾರದು.