ಶಕ್ತಿಯರಿತು ಮಾಡುವ ತಪಸ್ಸು

ಜೈನಧರ್ಮವೆಂದೊಡನೆ ಜನಮನದಲ್ಲಿ ಮೂಡುವುದು ಕಠೋರ ತಪಸ್ಸಿನ ಚಿತ್ರ. ಉಪವಾಸ, ಕೇಶಲೋಚ, ಬರಿಗಾಲಿನ ವಿಹಾರ, ದಿನಕ್ಕೊಮ್ಮೆ ನಿಂತು ಸ್ವೀಕರಿಸುವ ಆಹಾರ ಇವನ್ನೆಲ್ಲ ಕಂಡವರು, ದೇಹವನ್ನು ದಂಡಿಸಿದಷ್ಟೂ ಶ್ರೇಯಸ್ಸೆಂದು ಈ ಧರ್ಮ ಬೋಧಿಸುತ್ತದೆ ಎಂದು ತಿಳಿಯುವುದುಂಟು. ಆದರೆ ಜಿನಾಗಮವು ತಪಸ್ಸಿಗೂ ಒಂದು ಅಳತೆಯನ್ನು ವಿಧಿಸಿದೆ. ತೀರ್ಥಂಕರ ಪದವಿಗೆ ಕಾರಣವಾಗುವ ಹದಿನಾರು ಭಾವನೆಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಎರಡರ ಹೆಸರು ಶಕ್ತಿತಸ್ತ್ಯಾಗ ಮತ್ತು ಶಕ್ತಿತಸ್ತಪ. ಶಕ್ತಿಗೆ ತಕ್ಕಷ್ಟು ತ್ಯಾಗ, ಶಕ್ತಿಗೆ ತಕ್ಕಷ್ಟು ತಪಸ್ಸು ಎಂಬುದು ಇವುಗಳ ಅರ್ಥ. ಇರುವ ಶಕ್ತಿಯನ್ನು ಮರೆಮಾಚಬಾರದು. ಇಲ್ಲದ ಶಕ್ತಿಯನ್ನು ಸಾಲ ತಂದು ವ್ಯಯಿಸಲೂಬಾರದು.

ಈ ಮಾತು ಇಂದು ಮುನಿಗಳಿಗಿಂತ ಗೃಹಸ್ಥರಿಗೇ ಹೆಚ್ಚು ಅಗತ್ಯವಾಗಿದೆ. ವೈದ್ಯಕೀಯ ಪ್ರವೇಶ ಪರೀಕ್ಷೆಗಾಗಿ ನಿದ್ದೆಗೆಟ್ಟು ಓದುವ ವಿದ್ಯಾರ್ಥಿ, ರಾತ್ರಿ ಹನ್ನೊಂದಕ್ಕೂ ಕಚೇರಿಯ ಕರೆಗೆ ಓಗೊಡುವ ಉದ್ಯೋಗಿ, ಮನೆಯ ಕೆಲಸವನ್ನೂ ಹೊರಗಿನ ದುಡಿಮೆಯನ್ನೂ ಒಟ್ಟಿಗೆ ಹೊತ್ತ ಗೃಹಿಣಿ ಇವರೆಲ್ಲರೂ ಒಂದು ಬಗೆಯ ಉಗ್ರ ತಪಸ್ಸಿನಲ್ಲಿಯೇ ಇದ್ದಾರೆ. ಒಂದು ದಿನ ಆ ದೀಪದ ಎಣ್ಣೆ ತೀರುತ್ತದೆ. ಮಲಗಿದರೂ ಹೋಗದ ಆಯಾಸ, ಪ್ರೀತಿಸಿದ ಕೆಲಸದ ಮೇಲೆಯೇ ಜಿಗುಪ್ಸೆ, ತನ್ನಿಂದ ಏನೂ ಆಗದೆಂಬ ಭಾವ ಆವರಿಸುತ್ತವೆ. ಇದನ್ನು ಇಂದಿನವರು ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ವಿವರಿಸುವಾಗ ಹೆಸರಿಸಿದ್ದು ಈ ಮೂರು ಲಕ್ಷಣಗಳನ್ನೇ. ಇದು ರೋಗವಲ್ಲ, ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದ ಫಲ ಎಂದೂ ಅದು ಹೇಳಿದೆ.

ಈ ಸ್ಥಿತಿಯ ಒಂದು ಪ್ರಾಚೀನ ಚಿತ್ರ ನಮ್ಮ ಪುರಾಣದಲ್ಲಿಯೇ ಇದೆ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ, 941ರಲ್ಲಿ ಪಂಪ ಕನ್ನಡಕ್ಕೆ ತಂದ ಆದಿತೀರ್ಥಂಕರನ ಚರಿತೆಯಲ್ಲಿ ಬರುವ ಪ್ರಸಂಗವದು. ವೃಷಭನಾಥ ಸ್ವಾಮಿಯು ರಾಜ್ಯವನ್ನು ತೊರೆದು ದೀಕ್ಷೆ ವಹಿಸಿದಾಗ ಆತನೊಡನೆ ನಾಲ್ಕು ಸಾವಿರ ಅರಸರೂ ದೀಕ್ಷೆ ವಹಿಸಿದರು. ಅವರಿಗೆ ದೀಕ್ಷೆಯ ತತ್ತ್ವ ತಿಳಿದಿರಲಿಲ್ಲ. ಒಡೆಯ ಮಾಡಿದ್ದನ್ನು ತಾವೂ ಮಾಡಬೇಕೆಂಬ ಸ್ವಾಮಿಭಕ್ತಿಯೊಂದೇ ಅವರನ್ನು ಅಲ್ಲಿಗೆ ತಂದಿತ್ತು. ಸ್ವಾಮಿಯು ಆರು ತಿಂಗಳ ಉಪವಾಸವನ್ನು ಸಂಕಲ್ಪಿಸಿ, ಮೌನದಿಂದ ಅಚಲನಾಗಿ ನಿಂತನು. ಅರಸರೂ ನಿಂತರು. ಇಂದು ಏಳುವನು, ನಾಳೆ ಮಾತನಾಡುವನು ಎಂದು ಕಾದರು. ಹಸಿವು, ಬಾಯಾರಿಕೆ, ಬಿಸಿಲು, ಚಳಿಗಳು ಅವರನ್ನು ಹಣ್ಣುಮಾಡಿದವು. ಆರು ತಿಂಗಳು ತುಂಬುವ ಮೊದಲೇ ಅವರ ಧೈರ್ಯ ಕುಸಿಯಿತು. ಕಾಡಿನ ಹಣ್ಣು ಗೆಡ್ಡೆಗಳಿಗೆ ಕೈಚಾಚಿದರು. ನಿರ್ಗ್ರಂಥ ವೇಷದಲ್ಲಿ ಹೀಗೆ ಮಾಡಲಾಗದೆಂದು ವನದೇವತೆಗಳು ತಡೆದಾಗ ನಾರುಡೆಯುಟ್ಟು ಬೇರೆ ಬೇರೆ ತಾಪಸರಾದರು. ಊರಿಗೆ ಮರಳೋಣವೆಂದರೆ ಭರತನ ಭಯ. ಹೀಗೆ ಕಾಡಿನಲ್ಲಿಯೇ ಉಳಿದರು.

ಈ ಪ್ರಸಂಗದ ಎರಡು ಅಂಶಗಳನ್ನು ನಾವು ನಿಂತು ನೋಡಬೇಕು. ಮೊದಲನೆಯದು, ಅವರು ಬೇಡದ ಕೆಲಸವನ್ನೇನೂ ಹಿಡಿದಿರಲಿಲ್ಲ. ಮೋಕ್ಷಮಾರ್ಗಕ್ಕಿಂತ ಉತ್ತಮವಾದುದು ಯಾವುದಿದೆ? ಆದರೆ ಮತ್ತೊಬ್ಬನ ಶಕ್ತಿಯ ಅಳತೆಗೋಲಿನಿಂದ ತಮ್ಮನ್ನು ಅಳೆದುಕೊಂಡಿದ್ದರು. ಅಣ್ಣ ಎಂಜಿನಿಯರ್ ಆದನೆಂದು ತಮ್ಮನೂ ಅದನ್ನೇ ಓದುವುದು, ಪಕ್ಕದ ಮೇಜಿನವನು ಹದಿನಾಲ್ಕು ಗಂಟೆ ದುಡಿಯುತ್ತಾನೆಂದು ತಾನೂ ದುಡಿಯುವುದು ಇದೇ ಜಾತಿಯ ದೀಕ್ಷೆ. ಎರಡನೆಯದು, ಭರತನ ಭಯ. ಕೈಲಾಗದೆ ಸೋತವರಿಗೆ ಹಿಂದಿರುಗಲು ಮನೆಯಿತ್ತು. ಮುಖ ತೋರಿಸುವ ಧೈರ್ಯವಿರಲಿಲ್ಲ. ಪರೀಕ್ಷೆಯಲ್ಲಿ ಹಿಂದೆಬಿದ್ದ ಮಗ ಹಾಸ್ಟೆಲಿನಿಂದ ದೂರವಾಣಿ ಮಾಡಲು ಅಂಜುವುದು, ಕೆಲಸ ಬಿಟ್ಟ ಮಗಳು ತಿಂಗಳುಗಟ್ಟಲೆ ಅದನ್ನು ಮುಚ್ಚಿಡುವುದು ಈ ಭಯದಿಂದಲೇ. ದಣಿವಿಗಿಂತ ಈ ಭಯವೇ ಹೆಚ್ಚು ಅಪಾಯಕಾರಿ.

ಇತ್ತ ಸ್ವಾಮಿಯು ಏನು ಮಾಡಿದನು? ಆರು ತಿಂಗಳು ಮುಗಿದೊಡನೆ ಯೋಗವನ್ನು ಸಮಾಪ್ತಿಗೊಳಿಸಿ ಆಹಾರಕ್ಕಾಗಿ ಹೊರಟನು. ತನಗೆ ಇನ್ನಷ್ಟು ಕಾಲ ನಿಲ್ಲುವ ಶಕ್ತಿಯಿತ್ತು. ಆದರೂ, ಮುಂದೆ ಬರುವ ಮುನಿಗಳಿಗೆ ದೇಹವನ್ನು ಉಳಿಸಿಕೊಳ್ಳುವ ಕ್ರಮ ತಿಳಿಯಬೇಕೆಂದು ಬಗೆದನು. ಮುಮುಕ್ಷುವು ಶರೀರವನ್ನು ಕೇವಲ ಕೃಶಗೊಳಿಸಲೂಬಾರದು, ರುಚಿರುಚಿಯಾದ ಆಹಾರದಿಂದ ಕೊಬ್ಬಿಸಲೂಬಾರದು ಎಂಬ ಭಾವವನ್ನು ಜಿನಸೇನರು ಈ ಸಂದರ್ಭದಲ್ಲಿಯೇ ಹೇಳುತ್ತಾರೆ. ದೀಕ್ಷೆ ವಹಿಸಿದ ಸುಮಾರು ಒಂದು ವರ್ಷದ ಬಳಿಕ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ರಸವನ್ನು ನೀಡಿದನು. ಆ ದಿನವೇ ನಾವು ಆಚರಿಸುವ ಅಕ್ಷಯ ತೃತೀಯ. ಹಬ್ಬದಂದು ಚಿನ್ನದ ಅಂಗಡಿಗೆ ಹೋಗುವ ಮುನ್ನ, ಆದಿತೀರ್ಥಂಕರನೂ ದೇಹಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದ ದಿನವಿದು ಎಂಬುದನ್ನು ನೆನೆಯಬೇಕು.

ಶ್ರಮವೊಂದೇ ಮನುಷ್ಯನನ್ನು ಬರಿದುಮಾಡುವುದಿಲ್ಲ. ಗದ್ದೆಯಲ್ಲಿ ದಿನವಿಡೀ ಗೇಯ್ದವನು ರಾತ್ರಿ ಗಾಢವಾಗಿ ನಿದ್ರಿಸಬಲ್ಲ. ಬರಿದುಮಾಡುವುದು ಶ್ರಮದೊಡನೆ ಬೆರೆತ ಆರ್ತಧ್ಯಾನ. ಶಾಸ್ತ್ರವು ಇದನ್ನು ನಾಲ್ಕು ಬಗೆಯೆಂದಿದೆ: ಬೇಡವಾದುದು ಒದಗಿದಾಗಿನ ಕೊರಗು, ಬೇಕಾದುದು ಅಗಲಿದಾಗಿನ ಕೊರಗು, ನೋವಿನ ಕುರಿತೇ ಎಡೆಬಿಡದ ಚಿಂತೆ, ಮತ್ತು ಮುಂದಿನ ಭೋಗಕ್ಕಾಗಿ ಹಂಬಲಿಸುವ ನಿದಾನ. ಅಂಕ, ಬಡ್ತಿ, ಸಂಬಳ ಬಂದ ಮೇಲೆಯೇ ಬದುಕು ಆರಂಭವೆಂದು ಇಂದಿನ ದಿನವನ್ನು ಒತ್ತೆಯಿಡುವುದು ನಿದಾನದ ಆಧುನಿಕ ರೂಪ. ಮಾಯೆ, ಮಿಥ್ಯಾತ್ವಗಳೊಡನೆ ನಿದಾನವನ್ನೂ ಶಲ್ಯವೆಂದು, ಅಂದರೆ ಒಳಗೆ ಮುರಿದುಳಿದ ಮುಳ್ಳೆಂದು ಆಚಾರ್ಯರು ಕರೆದಿದ್ದಾರೆ. ಮುಳ್ಳನ್ನು ಕೀಳದೆ ಎಷ್ಟು ದಿನ ರಜೆ ಹಾಕಿದರೂ ಕಾಲಿನ ನೋವು ಹೋಗದು.

ಹಾಗಾದರೆ ಉಪಾಯವೇನು? ಶ್ರಾವಕಾಚಾರದಲ್ಲಿ ಹೊಸದೇನನ್ನೂ ಹುಡುಕಬೇಕಿಲ್ಲ. ದಿನದಲ್ಲಿ ಒಂದು ಮುಹೂರ್ತ, ಎಂದರೆ 48 ನಿಮಿಷ, ಸಾಮಾಯಿಕಕ್ಕೆ ಮೀಸಲು. ಲಾಭನಷ್ಟಗಳಲ್ಲಿ ಸಮಭಾವವನ್ನು ಅಭ್ಯಾಸಮಾಡುವ ಆ ಹೊತ್ತಿನಲ್ಲಿ ನಾವು ಯಾರ ನೌಕರರೂ ಅಲ್ಲ, ಯಾವ ತರಗತಿಯವರೂ ಅಲ್ಲ. ಅಷ್ಟು ಕಾಲ ಕೂರಲಾಗದವರು ಕಾಯೋತ್ಸರ್ಗದಿಂದ ಆರಂಭಿಸಬಹುದು. ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಇಪ್ಪತ್ತೇಳು ಉಸಿರಾಟಗಳಲ್ಲಿ ಸ್ಮರಿಸುವುದು ಅದರ ರೂಢಿಯ ಕ್ರಮ. ಶ್ರವಣಬೆಳಗೊಳ, ಕಾರ್ಕಳ, ವೇಣೂರುಗಳ ಬಾಹುಬಲಿಯನ್ನು ದರ್ಶಿಸುವಾಗ ಅವನ ತೋಳುಗಳನ್ನು ಗಮನಿಸಿ. ಮಹಾಬಲಶಾಲಿಯ ಆ ತೋಳುಗಳು ಏನನ್ನೂ ಹಿಡಿಯದೆ ಇಳಿಬಿದ್ದಿವೆ. ಅದುವೇ ಕಾಯೋತ್ಸರ್ಗ.

ಇನ್ನು ದೇಶಾವಕಾಶಿಕ ವ್ರತ. ಇಷ್ಟು ಹೊತ್ತು ಈ ಮನೆಯನ್ನು, ಈ ಬೀದಿಯನ್ನು ದಾಟೆನೆಂದು ಗೃಹಸ್ಥನು ತನ್ನ ವ್ಯವಹಾರದ ಎಲ್ಲೆಯನ್ನು ಕುಗ್ಗಿಸಿಕೊಳ್ಳುವ ನಿಯಮವಿದು. ಇಂದು ಕಚೇರಿಯೂ ಮಾರುಕಟ್ಟೆಯೂ ಮೊಬೈಲಿನೊಳಗೆ ಮನೆಗೆ ಬಂದಿರುವುದರಿಂದ, ರಾತ್ರಿ ಎಂಟರಿಂದ ಬೆಳಗಿನವರೆಗೆ ಅದನ್ನು ಬದಿಗಿಡುವುದೂ ಈ ವ್ರತದ ಆಶಯಕ್ಕೆ ಒಪ್ಪುತ್ತದೆ. ಸೂರ್ಯಾಸ್ತದ ಮುನ್ನ ಊಟ ಮುಗಿಸುವ ನಿಯಮ ಅಹಿಂಸೆಗಾಗಿ ಬಂದದ್ದು. ಆದರೆ ಅದು ದುಡಿಮೆಗೂ ಒಂದು ಮುಕ್ತಾಯವನ್ನು ಹಾಕಿಕೊಡುತ್ತಿತ್ತು. ರಾತ್ರಿಪಾಳಿಯವರಿಗೆ ಇದು ಯಥಾವತ್ತಾಗಿ ಸಾಧ್ಯವಾಗದಿರಬಹುದು. ದಿನಕ್ಕೊಂದು ಕೊನೆಯಿರಬೇಕೆಂಬ ವಿವೇಕವನ್ನು ಅವರೂ ಪಾಲಿಸಬಹುದು. ವರ್ಷವಿಡೀ ನಡೆಯುವ ಮುನಿಗಳೂ ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಶ್ರಾವಕನ ಹನ್ನೊಂದು ಪ್ರತಿಮೆಗಳು ಮೆಟ್ಟಿಲುಗಳಂತಿವೆ. ಒಂದರಲ್ಲಿ ಕಾಲು ಊರಿದ ಮೇಲೆಯೇ ಮುಂದಿನದು.

ಈಗಾಗಲೇ ಕುಸಿದವರಿಗೆ ಈ ಉಪದೇಶವೇ ಇನ್ನೊಂದು ಹೊರೆಯಾಗಬಾರದು. ಆದುದರಿಂದಲೇ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರು, ಕುಸಿದವರ ಸುತ್ತಲಿನವರಿಗೆ ಹೇಳಿದ ಕರ್ತವ್ಯಗಳಾಗಿವೆ. ಉಪಗೂಹನವೆಂದರೆ ಪರರ ಕುಂದನ್ನು ಬೀದಿಗೆ ತಾರದಿರುವುದು. ಸ್ಥಿತೀಕರಣವೆಂದರೆ ಜಾರಿದವನನ್ನು ಮರಳಿ ನಿಲ್ಲಿಸುವುದು. ವಾತ್ಸಲ್ಯವೆಂದರೆ ಕರುವಿನ ಮೇಲೆ ಹಸುವಿಗಿರುವಂಥ ಅಕ್ಕರೆ. ಸೋತು ಬಂದ ಮಗುವನ್ನು ಲೆಕ್ಕ ಕೇಳುವ ಮೊದಲು ಊಟಕ್ಕೆ ಕರೆಯುವುದು ಈ ಮೂರನ್ನೂ ಪಾಲಿಸಿದಂತೆ. ನಿದ್ದೆ ದೂರವಾಗಿ, ಬದುಕೇ ಬೇಡವೆಂಬ ಮಾತು ಬಂದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದು. ಔಷಧವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಧರ್ಮ ನಮ್ಮದು; ಅದನ್ನು ಸ್ವೀಕರಿಸುವುದರಲ್ಲಿ ನಾಚಿಕೆಯೇನಿದೆ?

ಆ ನಾಲ್ಕು ಸಾವಿರ ಅರಸರ ಕಥೆ ಕಾಡಿನಲ್ಲಿಯೇ ಮುಗಿಯುವುದಿಲ್ಲ. ವೃಷಭನಾಥ ಸ್ವಾಮಿಗೆ ಕೇವಲಜ್ಞಾನ ಉದಯಿಸಿ ಸಮವಸರಣ ನೆರೆದಾಗ, ಮರೀಚಿಯೊಬ್ಬನ ಹೊರತಾಗಿ ಉಳಿದವರು ಅಲ್ಲಿಗೆ ಬಂದರು. ಈ ಬಾರಿ ತತ್ತ್ವವನ್ನು ಕೇಳಿ ತಿಳಿದು, ಮತ್ತೆ ದೀಕ್ಷೆ ವಹಿಸಿದರು. ಹಿಂದೆ ಏಕೆ ಓಡಿಹೋದಿರೆಂದು ಅಲ್ಲಿ ಯಾರೂ ಅವರನ್ನು ಬಾಗಿಲಲ್ಲಿ ತಡೆಯಲಿಲ್ಲ. ನಮ್ಮ ಮನೆ, ಶಾಲೆ, ಕಚೇರಿಗಳ ಬಾಗಿಲುಗಳೂ ದಣಿದು ಮರಳುವವರಿಗೆ ಹಾಗೆಯೇ ತೆರೆದಿರಲಿ.